ಮರಿ ಬಿಡುವ ಮುನ್ನ ಅದರ ಹೆಸರು ಹೇಳಿ: ಮೀನುಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕಾ ಸಚಿವರಿಗೆ,
ಜೊತೆಗೆ, ಮಳೆಗಾಲ ಬಂದರೆ ನಮ್ಮ ಹೊಳೆಗಳಿಗೆ ಮೀನುಮರಿ ಬಿಡುವ ಎಲ್ಲ ಸಂಘ, ಟ್ರಸ್ಟು, ಕಂಪನಿಗಳ ಹಿರಿಯರಿಗೆ,

ವಿಷಯ: ಕಾವೇರಿಗೂ ಅದರ ಉಪನದಿಗಳಿಗೂ ಬಿಡುವ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನಿನ ಮರಿ ಯಾವ ಜಾತಿಯದು ಅಂತ ಡಿಎನ್‌ಎ ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುವ ಬಗ್ಗೆ.

ಮಾನ್ಯರೇ,

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಊರು ಕೊಳ್ಳೇಗಾಲದ ಕಡೆ, ಕಾವೇರಿ ದಂಡೆ. ಸಂಶೋಧಕ ಅಲ್ಲ, ಹೋರಾಟಗಾರನೂ ಅಲ್ಲ. ಹೊಳೆ ಮೀನು ನೋಡುತ್ತಾ, ತಿನ್ನುತ್ತಾ ಬೆಳೆದವನು ಅಷ್ಟೇ. ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದು ಯಾಕೆಂದರೆ, ಮುಚ್ಚಿದ ಲಕೋಟೆಯಲ್ಲಿ ಎರಡು ಸಲ ಬರೆದು ಆಗಿದೆ.

ಮೊದಲು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಆಗಸ್ಟ್ ಕೊನೆ. ಕಾವೇರಿಗೆ ಸೇರುವ ಒಂದು ಹೊಳೆಯ ದಂಡೆಯಲ್ಲಿ ಮೀನುಮರಿ ಬಿಡುವ ಕಾರ್ಯಕ್ರಮ ಇತ್ತು. ಯಾವ ಹೊಳೆ, ಯಾರು ನಡೆಸಿದ್ದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರನ್ನು ಹಿಡಿದು ದೂರುವುದು ನನಗೆ ಬೇಕಿಲ್ಲ. ಶಾಮಿಯಾನ, ಮೈಕು, ಶಾಲು, ಹಾರ ಎಲ್ಲ ಇತ್ತು. ಬ್ಯಾನರ್ ಮೇಲೆ ‘ಮಹಶೀರ್ ಉಳಿಸೋಣ’ ಅಂತ ದಪ್ಪಕ್ಷರ. ಪಕ್ಕದಲ್ಲಿ ಬೆನ್ನು ಗೂನಾದ ದೊಡ್ಡ ಮೀನಿನ ಚಿತ್ರ. ಟೆಂಪೋದಲ್ಲಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಂದವು. ಒಳಗೆ ಬೆರಳುದ್ದದ ಮರಿಗಳು. ಶಾಲೆ ಮಕ್ಕಳು ಚೀಲ ಬಿಚ್ಚಿ ನೀರಿಗೆ ಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಚೀಲ ತಂದವರ ಹತ್ತಿರ ಹೋಗಿ ಕೇಳಿದೆ.

“ಇದು ಯಾವ ಮಹಶೀರ್?”

“ಮಹಶೀರ್ ಅಂದ್ರೆ ಮಹಶೀರೇ ಸಾರ್.”

“ಅಲ್ಲಪ್ಪ, ಅದರಲ್ಲೂ ಜಾತಿ ಇದಾವಲ್ಲ. ಬ್ಯಾನರ್ ಮೇಲೆ ಇರೋದೇನಾ ಇದು?”

“ಹ್ಯಾಚರಿಯವರು ಕೊಟ್ಟಿದ್ದು ಸಾರ್. ಬಿಲ್ ಇದೆ ನೋಡಿ.”

ಬಿಲ್ ನೋಡಿದೆ. ‘ಮಹಶೀರ್ ಮರಿ’ ಅಂತ ಇತ್ತು. ಸಂಖ್ಯೆ ಇತ್ತು, ದರ ಇತ್ತು. ಯಾವ ಜಾತಿ, ತಾಯಿ ಮೀನು ಯಾವ ಹೊಳೆಯದು, ಅದು ಮಾತ್ರ ಇರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗ ನಾವು ಬ್ಯಾಡಗಿಯೋ ಗುಂಟೂರೋ ಅಂತ ಕೇಳುತ್ತೇವೆ. ಶಾಶ್ವತವಾಗಿ ಹೊಳೆ ಸೇರುವ ಮೀನಿಗೆ ಅಷ್ಟೂ ಕೇಳಲಿಲ್ಲ.

ಖಾಲಿ ಚೀಲಗಳ ತಳದಲ್ಲಿ ಒಂದಷ್ಟು ಮರಿ ಸತ್ತು ಬಿದ್ದಿದ್ದವು. ಕೇಳಿ ಒಂಬತ್ತನ್ನು ತೆಗೆದುಕೊಂಡೆ. ಇಲ್ಲಿ ನಾನೇ ಒಂದು ಎಡವಟ್ಟು ಮಾಡಿದೆ. ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಹಾವು, ಓತಿಕ್ಯಾತಗಳನ್ನು ಫಾರ್ಮಲಿನ್ ಬಾಟಲಿಗೆ ಹಾಕಿಟ್ಟ ಕೈ. ಅದೇ ಅಭ್ಯಾಸದಲ್ಲಿ ಮೂರು ಮರಿ ಫಾರ್ಮಲಿನ್‌ಗೆ ಹೋದವು. ಫಾರ್ಮಲಿನ್ ಮೀನಿನ ಆಕಾರ ಉಳಿಸುತ್ತೆ, ಡಿಎನ್‌ಎಯನ್ನು ಕೆಡಿಸುತ್ತೆ. ಡಿಎನ್‌ಎ ಬೇಕಿದ್ದರೆ ಸ್ಪಿರಿಟ್‌ನಲ್ಲಿ ಇಡಬೇಕು. ಮೂರು ಮುಳುಗಿದ ಮೇಲೆ ನೆನಪಾಯಿತು. ಉಳಿದ ಆರನ್ನು ಸ್ಪಿರಿಟ್‌ಗೆ ಹಾಕಿದೆ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಇದ್ದಾಳೆ. “ಸಾರ್, ರೆಕ್ಕೆಯ ಚೂರು ಸಾಕು, ಇಡೀ ಮೀನು ಕಳಿಸಬೇಡಿ” ಅಂದಳು. ಆರು ಚೂರು ಕಳಿಸಿದೆ. ಒಂದರಲ್ಲಿ ಡಿಎನ್‌ಎ ಸರಿಯಾಗಿ ಬರಲಿಲ್ಲ. ಉಳಿದ ಐದರ ಉತ್ತರ ಒಂದೇ: ಟಾರ್ ಖುದ್ರೀ. ಅಂದರೆ ನೀಲಿ ರೆಕ್ಕೆಯ ಮಹಶೀರ್. ಬ್ಯಾನರ್ ಮೇಲಿದ್ದ ಗೂನು ಬೆನ್ನಿನ ಮೀನು ಬೇರೆ. ಅದು ಟಾರ್ ರೇಮಾದೇವಿ, ಕಾವೇರಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು. ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು ಉಳಿಸಿದೆವು ಅಂತ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಐದು ಮರಿಯ ಲೆಕ್ಕ ದೊಡ್ಡ ಅಧ್ಯಯನ ಏನಲ್ಲ, ಗೊತ್ತು. ಚೀಲದಲ್ಲಿ ಬೇರೆ ಜಾತಿಯೂ ಇದ್ದಿರಬಹುದು. ಆದರೆ ಆ ಸಾವಿರಾರು ಮರಿಗಳಲ್ಲಿ ಯಾರಾದರೂ ಪರೀಕ್ಷೆ ಮಾಡಿದ್ದು ಆ ಐದನ್ನೇ, ಅದೂ ಸತ್ತ ಮೇಲೆ. ಸಂಬಂಧಪಟ್ಟ ಕಚೇರಿಗೆ ಎರಡು ಸಲ ಬರೆದೆ. ಒಂದಕ್ಕೆ ಸ್ವೀಕೃತಿಯ ಮೊಹರು ಬಿತ್ತು. ಇನ್ನೊಂದಕ್ಕೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಮಾನ್ಯರೇ, ಇದರ ಹಿಂದೆ ಒಂದು ಕಥೆ ಇದೆ. ಅದು ಗೊತ್ತಿಲ್ಲದಿದ್ದರೆ ‘ಯಾವ ಮಹಶೀರ್ ಆದರೇನು’ ಅಂತ ಯಾರಿಗಾದರೂ ಅನ್ನಿಸುತ್ತೆ.

ನನ್ನ ಸೋದರಮಾವ ತೆಪ್ಪ ಹಾಕುತ್ತಿದ್ದರು. ಕಾವೇರಿಯಲ್ಲಿ ಗಾಳ ಹಾಕೋಕೆ ಹೊರದೇಶದವರು ಬರುತ್ತಿದ್ದ ಕಾಲ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿ ಕಡೆಯ ಶಿಬಿರಗಳು ಆಗ ಹೆಸರು ಮಾಡಿದ್ದವು. ಮೀನು ಹಿಡಿದು, ತೂಕ ನೋಡಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುತ್ತಿದ್ದರು. ಮಾವನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಮೀನು ನೀರಿನಿಂದ ಮೇಲೆ ಬರುವ ಮೊದಲೇ ಯಾವುದು ಅಂತ ಹೇಳುತ್ತಿದ್ದರು. ನಮ್ಮ ಕಡೆ ಮಹಶೀರ್‌ಗೆ ಬಿಳಿಮೀನು ಅಂತಾರೆ. ಮಾವ ಅದರಲ್ಲೇ ಎರಡು ಮಾಡಿದ್ದರು. “ಇದು ನಮ್ದು, ಅದು ಬಂದಿರಾದು ಕಣಪ್ಪ. ನಮ್ದುಕ್ಕೆ ಬೆನ್ನು ಗೂನೈತೆ, ರೆಕ್ಕೆ ಬಾಲ ಎಲ್ಲಾ ಕೆಂಪುಕ್ಕೆ ತಿರುಗೈತೆ. ಅದರ ರೆಕ್ಕೆ ನೋಡು, ನೀಲಿ.” ನಾನು ಆಗ ಬಿಎಸ್ಸಿ ಓದುತ್ತಿದ್ದ ಹುಡುಗ. ವಯಸ್ಸಿಗೆ ತಕ್ಕಂತೆ ಬಣ್ಣ ಬದಲಾಗುತ್ತೆ ಮಾವ, ಎರಡೂ ಒಂದೇ ಅಂತ ಪುಸ್ತಕದ ಬುದ್ಧಿ ಹೇಳಿದ್ದೆ. ಅವರು ವಾದ ಮಾಡಲಿಲ್ಲ. ಬೀಡಿ ಹಚ್ಚಿಕೊಂಡು ಸುಮ್ನೆ ಹುಟ್ಟು ಹಾಕಿದರು.

ಮಾವ ಹೇಳಿದ್ದು ಸರಿ ಅಂತ ಗೊತ್ತಾಗಿದ್ದು 2018ರಲ್ಲಿ. ಆಗ ಅವರು ಇರಲಿಲ್ಲ.

ಆ ಗೂನು ಮೀನು ಅಪರಿಚಿತವೇನೂ ಆಗಿರಲಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕಿಲೋ, ಒಬ್ಬ ಆಳಿನಷ್ಟು ತೂಕ. ಗಾಳ ಹಾಕುವವರ ಪ್ರಪಂಚದಲ್ಲಿ ಕಾವೇರಿ ಅಂದರೆ ಈ ಮೀನೇ. ಇಷ್ಟು ಪ್ರಸಿದ್ಧ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಮಾತ್ರ ಇರಲಿಲ್ಲ. ಬಹಳ ಕಾಲ ಟಾರ್ ಮುಸುಲ್ಲಾ ಅಂತ ಕರೆದರು. ಆಮೇಲೆ ತಿಳಿಯಿತು, ಮುಸುಲ್ಲಾ ಅನ್ನೋ ಹೆಸರು ಬೇರೆಯೇ ಕುಲದ ಮೀನಿಗೆ ಸೇರಬೇಕಾದದ್ದು ಅಂತ. ಪಕ್ಕದ ಮನೆಯವರ ರೇಷನ್ ಕಾರ್ಡಿನಲ್ಲಿ ನಮ್ಮ ಹುಡುಗನ ಫೋಟೊ ಅಂಟಿಸಿದ ಹಾಗೆ ಆಗಿತ್ತು.

ಇತ್ತ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಚಿಕ್ಕ ಮೀನುಗಳನ್ನು ನೋಡಿ ಅಲ್ಲಿನ ವಿಜ್ಞಾನಿಗಳು ಟಾರ್ ರೇಮಾದೇವಿ ಅಂತ ಒಂದು ಹೊಸ ಜಾತಿ ಹೆಸರಿಸಿದ್ದರು. ಮೀನುಗಳ ವರ್ಗೀಕರಣದಲ್ಲಿ ಕೆಲಸ ಮಾಡಿದ ವಿಜ್ಞಾನಿ ರೇಮಾದೇವಿಯವರ ಗೌರವಕ್ಕೆ ಇಟ್ಟ ಹೆಸರು ಅದು. ಪಾಂಬಾರ್ ನೀರು ಅಮರಾವತಿಗೆ, ಅಮರಾವತಿ ಕಾವೇರಿಗೆ. ಆದರೆ ಆ ಮರಿಗಳೂ ಕಾವೇರಿಯ ಆಳುದ್ದದ ಗೂನು ಮೀನೂ ಒಂದೇ ಅಂತ ಯಾರಿಗೂ ಹೊಳೆದಿರಲಿಲ್ಲ. ಹೊಳೆಯೋದಾದರೂ ಹೇಗೆ? ಮರಿಗೆ ಆ ಗೂನು ಎಲ್ಲಿಂದ ಬರಬೇಕು? ಮುಂದೆ ಕಾವೇರಿ ಕೊಳ್ಳದ್ದೇ ಆದ ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನು ಮೀನಿನ ಡಿಎನ್‌ಎ ತೆಗೆದು, ಮೈಕಟ್ಟನ್ನೂ ಅಳೆದು ಹೋಲಿಸಿದರು. ಎರಡೂ ಒಂದೇ. 2018ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ, ಅಳಿಯುತ್ತಿರುವ ಜೀವಿಗಳ ಲೆಕ್ಕ ಇಡುವ ಜಾಗತಿಕ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಗೂ ಸೇರಿತು, ‘ತೀವ್ರ ಅಳಿವಿನಂಚಿನಲ್ಲಿದೆ’ ಅನ್ನುವ ಸಾಲಿಗೆ. ಅಲ್ಲಿಂದ ಮುಂದಿನ ಮೆಟ್ಟಿಲು ನಿಸರ್ಗದಿಂದಲೇ ನಿರ್ನಾಮ.

ಹೆಸರು ಸಿಕ್ಕಿದ್ದು ಅಷ್ಟು ತಡವಾಗಿ. ಅದರಿಂದ ಏನು ನಷ್ಟ ಆಯಿತು ಅಂತ ನೋಡಿ.

1970ರ ದಶಕದಿಂದ ಲೋಣಾವಳದ ಟಾಟಾ ಹ್ಯಾಚರಿಯಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡಿ ಬೇರೆ ಬೇರೆ ರಾಜ್ಯಗಳಿಗೆ ಕೊಟ್ಟರು. ಕಾವೇರಿಗೂ ಆ ಜಾತಿ ಬಂತು. ಖುದ್ರೀ ಅಂತ 1839ರಲ್ಲಿ ಸೈಕ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ ಹೆಸರಿಟ್ಟಿದ್ದು ಪುಣೆಯ ಮುಳಾ-ಮುಠಾ ಹೊಳೆಯ ಮೀನಿಗೆ. ಆ ನೀರು ಭೀಮೆಗೆ, ಭೀಮೆ ಕೃಷ್ಣೆಗೆ. ಕಾವೇರಿಗಲ್ಲ. ಬಿಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಹಶೀರ್ ಕಡಿಮೆ ಆಗುತ್ತಿದೆ, ಮರಿ ಮಾಡಿ ಬಿಡೋಣ ಅಂದರು. ಕಾವೇರಿಯ ಮೀನು ಬೇರೆ ಜಾತಿ ಅಂತ ಕಾಗದದ ಮೇಲೆ ಯಾರೂ ಬರೆದಿರದ ಕಾಲ ಅದು. ಅವರನ್ನು ನಾನು ದೂರುವುದಿಲ್ಲ.

ಫಲ ಏನಾಯಿತು ಅನ್ನುವುದಕ್ಕೆ ಗಾಳದವರ ದಾಖಲೆಯೇ ಸಾಕ್ಷಿ. ಗಾಲಿಬೋರೆಯಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು 1998ರಿಂದ 2012ರವರೆಗೆ ಜೋಡಿಸಿ ನೋಡಿದವರಿದ್ದಾರೆ. ವರ್ಷದಿಂದ ವರ್ಷಕ್ಕೆ ನೀಲಿ ರೆಕ್ಕೆಯದು ಜಾಸ್ತಿ ಆಗುತ್ತಾ ಹೋಯಿತು, ಗೂನು ಬೆನ್ನಿನದು ಕಾಣೆಯಾಗುತ್ತಾ ಬಂತು. ಒಟ್ಟು ಮೀನಿನ ಸಂಖ್ಯೆ ನೋಡಿದರೆ ಸಂರಕ್ಷಣೆ ಗೆದ್ದ ಹಾಗೆ ಕಾಣುತ್ತೆ. ಜಾತಿ ಬೇರೆ ಮಾಡಿ ನೋಡಿದರೆ ಕಥೆಯೇ ಬೇರೆ. ಗೂನು ಮೀನು ಕಡಿಮೆ ಆಗಿದ್ದಕ್ಕೆ ಅಣೆಕಟ್ಟು, ಮರಳು, ತೋಟೆ ಸಿಡಿಸಿ ಮೀನು ಹಿಡಿಯುವುದು, ಬೇಸಿಗೆಯಲ್ಲಿ ಬತ್ತುವ ನೀರು, ಇವೆಲ್ಲ ಸೇರಿವೆ. ಎಲ್ಲವನ್ನೂ ನೀಲಿ ರೆಕ್ಕೆಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ಮರಳು ಲಾರಿ ನಿಲ್ಲಿಸೋದಕ್ಕಿಂತ ಮೀನುಮರಿ ಟೆಂಪೋ ನಿಲ್ಲಿಸೋದು ಸುಲಭ ಅಲ್ವಾ?

ನನ್ನ ವಾದದ ತಿರುಳು ಇದು. ದೊಡ್ಡ ಮೀನಾದರೆ ಮಾವನ ಕಣ್ಣು ಸಾಕಿತ್ತು, ಯಾವ ಲ್ಯಾಬೂ ಬೇಕಿರಲಿಲ್ಲ. ಬೆರಳುದ್ದದ ಮರಿಯಲ್ಲಿ ಗೂನಿಲ್ಲ, ಆ ಕೆಂಪು ರೆಕ್ಕೆ ಇಲ್ಲ. ಅಲ್ಲಿ ಮಾವನೂ ಸೋಲುತ್ತಿದ್ದರು, ನಾನೂ ಸೋಲುತ್ತೇನೆ, ತಮ್ಮ ಅಧಿಕಾರಿಗಳೂ ಸೋಲುತ್ತಾರೆ. ನಾವು ಹೊಳೆಗೆ ಬಿಡುವುದು ಮಾತ್ರ ಯಾವಾಗಲೂ ಮರಿಯನ್ನೇ.

ಡಿಎನ್‌ಎಗೆ ವಯಸ್ಸಿಲ್ಲ. ಮೊಟ್ಟೆಯಲ್ಲಿ ಇರುವುದೂ ಅದೇ, ನಾಲ್ಕಡಿ ಮೀನಿನಲ್ಲಿ ಇರುವುದೂ ಅದೇ. ಪರೀಕ್ಷೆಯ ಕ್ರಮ ತರಗತಿಯಲ್ಲಿ ಹೇಳುತ್ತಿದ್ದ ಹಾಗೇ ಹೇಳುತ್ತೇನೆ. ಉಗುರಿನ ಚೂರಿನಷ್ಟು ರೆಕ್ಕೆ ಕತ್ತರಿಸಿಕೊಂಡರೆ ಸಾಕು. ಮೀನು ಸಾಯುವುದಿಲ್ಲ, ರೆಕ್ಕೆ ಮತ್ತೆ ಬೆಳೆಯುತ್ತೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಸಿಒಐ ಅಂತ ಒಂದು ಜೀನ್ ಇದೆ. ಅದರಲ್ಲಿ ಸುಮಾರು 650 ಅಕ್ಷರಗಳ ಒಂದು ತುಂಡನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿ ಓದುತ್ತಾರೆ. ಕೋವಿಡ್ ಬಂದ ಮೇಲೆ ಪಿಸಿಆರ್ ಅಂದರೆ ಏನು ಅಂತ ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತು. ಓದಿದ ಅಕ್ಷರಗಳನ್ನು ಈಗಾಗಲೇ ಹೆಸರು ಗೊತ್ತಿರುವ ಮೀನುಗಳ ಭಂಡಾರದ ಜೊತೆ ಹೋಲಿಸುತ್ತಾರೆ. ಒಂದೇ ಜಾತಿಯೊಳಗೆ ಅಕ್ಷರಗಳ ವ್ಯತ್ಯಾಸ ಸಾಮಾನ್ಯವಾಗಿ ತೀರಾ ಕಡಿಮೆ, ಬೇರೆ ಜಾತಿಯಾದರೆ ಜಾಸ್ತಿ. ಅಂಗಡಿಯ ಸಾಮಾನಿನ ಮೇಲಿರುವ ಪಟ್ಟಿಗಳ ಹಾಗೆ. ಅದಕ್ಕೇ ಡಿಎನ್‌ಎ ಬಾರ್‌ಕೋಡ್ ಅಂತಾರೆ. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಇದನ್ನು ಮುಂದಿಟ್ಟರು. 2005ರಲ್ಲಿ ಆಸ್ಟ್ರೇಲಿಯಾದವರು 207 ಜಾತಿಯ ಸಮುದ್ರ ಮೀನುಗಳ ಮೇಲೆ ಮಾಡಿ ತೋರಿಸಿದರು. ಇಪ್ಪತ್ತು ವರ್ಷ ದಾಟಿದ ವಿದ್ಯೆ ಇದು. ಹೊಸ ಪ್ರಯೋಗ ಮಾಡಿ ಅಂತ ತಮ್ಮನ್ನು ಕೇಳುತ್ತಿಲ್ಲ.

ಮರಿ ನೋಡಿ ಮೋಸ ಹೋದವರಲ್ಲಿ ನಾವೇ ಮೊದಲಲ್ಲ ಬಿಡಿ. ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಫ್ರಾನ್ಸಿಸ್ ಡೇ ಅಂಥ ಘಟಾನುಘಟಿಯೇ 1865ರಲ್ಲಿ ಕೊಚ್ಚಿ ಕಡೆಯ ಒಂದು ಮರಿಯನ್ನು ನೋಡಿ ಚನ್ನಾ ಡಿಪ್ಲೊಗ್ರಾಮ ಅಂತ ಹೆಸರಿಟ್ಟರು. ಕೊರವ ಮೀನಿನ ಬಂಧು ಅದು. ಆಮೇಲೆ ಅವರೇ ಅದನ್ನು ಆಗ್ನೇಯ ಏಷ್ಯಾದ ಇನ್ನೊಂದು ಜಾತಿಯ ಜೊತೆ ಸೇರಿಸಿಬಿಟ್ಟರು. ಕೇರಳದ ಹೊಳೆಗಳ ಆ ಮೀನು ತನ್ನ ಹೆಸರು ವಾಪಸ್ ಪಡೆಯೋಕೆ 146 ವರ್ಷ ಕಾಯಬೇಕಾಯಿತು. 2011ರಲ್ಲಿ ಡಿಎನ್‌ಎಯೂ ಮೈ ಅಳತೆಯೂ ಸೇರಿ ಅದನ್ನು ಬಿಡಿಸಿದವು.

ಹಾಗಂತ ಯಂತ್ರ ಹೇಳಿದ್ದೆಲ್ಲ ವೇದವಾಕ್ಯ ಅಂತ ನಾನು ಹೇಳುವುದಿಲ್ಲ. ಮೂರು ಕಡೆ ಇದು ಎಡವುತ್ತೆ. ಅದನ್ನೂ ತಮಗೆ ಹೇಳಲೇಬೇಕು. ಇಲ್ಲದಿದ್ದರೆ ನಾಳೆ ಯಾರೋ ಟೆಂಡರ್ ಹಿಡಿದು, ಒಂದು ಸರ್ಟಿಫಿಕೇಟ್ ಮುದ್ರಿಸಿ ಕೈತೊಳೆದುಕೊಳ್ಳುತ್ತಾರೆ.

ಒಂದು, ಹೋಲಿಸುವ ಭಂಡಾರದಲ್ಲೇ ತಪ್ಪು ಹೆಸರು ಇದ್ದರೆ ಉತ್ತರವೂ ತಪ್ಪು. ಯಾರೋ ಯಾವಾಗಲೋ ಬೇರೆ ಮೀನಿಗೆ ಖುದ್ರೀ ಅಂತ ಚೀಟಿ ಅಂಟಿಸಿ ಅಕ್ಷರ ಸೇರಿಸಿದ್ದರೆ, ನಮ್ಮ ಮೀನಿಗೂ ಅದೇ ಚೀಟಿ ಬೀಳುತ್ತೆ. ಆದ್ದರಿಂದ ಅಕ್ಷರ ಮಾತ್ರ ಇದ್ದರೆ ಸಾಲದು. ಆ ಮೀನೂ ಬಾಟಲಿಯಲ್ಲಿ ಇರಬೇಕು, ಎಲ್ಲಿ ಯಾವಾಗ ಸಿಕ್ಕಿತು ಅನ್ನುವುದು ಜೊತೆಯಲ್ಲಿರಬೇಕು, ಅನುಮಾನ ಬಂದವರು ಹೋಗಿ ನೋಡುವ ಹಾಗಿರಬೇಕು.

ಎರಡು, ಮಹಶೀರ್‌ಗಳು ಒಂದಕ್ಕೊಂದು ಹತ್ತಿರದ ದಾಯಾದಿಗಳು. ಒಂದೇ ಜೀನ್ ನೋಡಿ ತೀರ್ಪು ಕೊಡುವುದು ಅವಸರವಾಗುತ್ತೆ. ನನ್ನ ಐದು ಮರಿಗೂ ಈ ಮಾತು ಅನ್ವಯಿಸುತ್ತೆ, ಒಪ್ಪುತ್ತೇನೆ.

ಮೂರನೆಯದು ಹ್ಯಾಚರಿಗಳಿಗೆ ಬಹಳ ಮುಖ್ಯ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಹೆಣ್ಣು ಒಂದು ಜಾತಿ, ಗಂಡು ಇನ್ನೊಂದು ಜಾತಿ ಆದರೆ ಸಿಒಐ ತಾಯಿಯ ಹೆಸರು ಹೇಳಿ ಸುಮ್ಮನಾಗುತ್ತೆ. ಮರಿ ಮಿಶ್ರತಳಿ ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಕಾಟ್ಲಾ, ರೋಹು ಬೆರಕೆ ಹ್ಯಾಚರಿಯವರಿಗೆ ಹೊಸದಲ್ಲ. ಮೊಟ್ಟೆ ಹಿಂಡಿ, ಗಂಡಿನ ವೀರ್ಯ ಸೇರಿಸಿ ಮರಿ ಮಾಡುವ ಜಾಗದಲ್ಲಿ ಒಂದು ತೊಟ್ಟಿಯ ಮೀನು ಇನ್ನೊಂದಕ್ಕೆ ಬೆರೆಯೋಕೆ ಎಷ್ಟು ಹೊತ್ತು? ಅದಕ್ಕಾಗಿ ಕೋಶಕೇಂದ್ರದ ಜೀನ್‌ಗಳನ್ನೂ ನೋಡಬೇಕು. ಅಲ್ಲಿ ತಂದೆಯ ಪಾಲೂ ಕಾಣುತ್ತೆ.

ಇಷ್ಟು ಹೇಳಿದ ಮೇಲೆ ಖರ್ಚಿನ ಮಾತು ಬಂದೇ ಬರುತ್ತೆ. ಲಕ್ಷಗಟ್ಟಲೆ ಮರಿಗೆ ಪರೀಕ್ಷೆ ಮಾಡೋಕಾಗುತ್ತಾ ಅಂತ ಕೇಳುತ್ತಾರೆ. ಮರಿಗೆ ಯಾಕೆ ಮಾಡಬೇಕು? ತಾಯಿ ಮೀನು, ತಂದೆ ಮೀನಿಗೆ ಮಾಡಿ. ಒಂದು ತಾಯಿ ಸಾವಿರಗಟ್ಟಲೆ ಮೊಟ್ಟೆ ಕೊಡುತ್ತೆ. ಒಂದು ಹ್ಯಾಚರಿಯಲ್ಲಿ ಐವತ್ತು ತಳಿ ಮೀನು ಇದ್ದರೆ, ಐವತ್ತೇ ಪರೀಕ್ಷೆ. ತಳಿ ಮೀನಿನ ಮೈಯೊಳಗೆ ಅಕ್ಕಿ ಕಾಳಿನಷ್ಟು ದೊಡ್ಡ ಗುರುತಿನ ಚಿಪ್ ಹಾಕಿದರೆ ಮುಂದಿನ ವರ್ಷ ಮತ್ತೆ ಪರೀಕ್ಷೆಯೂ ಬೇಕಿಲ್ಲ. ಹೊರಡುವ ಮರಿಗಳಲ್ಲಿ ತೊಟ್ಟಿಗೆ ಕೆಲವನ್ನು ಮಾತ್ರ ತೆಗೆದು ತಾಳೆ ನೋಡಿದರಾಯಿತು. ನಾನು ಕಂಡ ಆ ಕಾರ್ಯಕ್ರಮದಲ್ಲಿ ಶಾಮಿಯಾನ, ಊಟ, ಶಾಲಿಗೆ ಆದ ಖರ್ಚನ್ನು ನೆನೆದರೆ, ದುಡ್ಡಿಲ್ಲ ಅನ್ನುವ ಮಾತನ್ನು ನಂಬುವುದು ಕಷ್ಟ.

ಲ್ಯಾಬ್ ಇಲ್ಲ ಅನ್ನುವಂತೆಯೂ ಇಲ್ಲ. ಮೀನಿನ ತಳಿ ಸಂಪತ್ತಿಗಾಗಿಯೇ ಲಖನೌದಲ್ಲಿ ರಾಷ್ಟ್ರೀಯ ಬ್ಯೂರೋ 1983ರಿಂದ ಇದೆ. ಹೈದರಾಬಾದಿನಲ್ಲಿ ಜೀವಕೋಶ, ಡಿಎನ್‌ಎಗಳ ಸಂಶೋಧನೆ ಮಾಡುವ ಸಿಸಿಎಂಬಿ ಇದೆ. ನಮ್ಮಲ್ಲೇ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಂತೂ ಡಿಎನ್‌ಎ ಓದಿಕೊಡುವ ಖಾಸಗಿ ಲ್ಯಾಬುಗಳಿಗೆ ಬರ ಇಲ್ಲ.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು, ಕಾವೇರಿ ಕೊಳ್ಳದ ಯಾವ ಹೊಳೆಗೂ, ಕೆರೆ-ಜಲಾಶಯಗಳಿಗೂ, ತಳಿ ಮೀನಿನ ಡಿಎನ್‌ಎ ವರದಿ ಇಲ್ಲದ ಮಹಶೀರ್ ಮರಿ ಬಿಡುವುದನ್ನು ನಿಲ್ಲಿಸಿ ಆದೇಶ ಹೊರಡಿಸಿ. ಸರ್ಕಾರಿ ಕಾರ್ಯಕ್ರಮ ಆಗಲಿ, ಖಾಸಗಿಯವರದಾಗಲಿ, ದಾನಿಗಳದ್ದಾಗಲಿ, ಎಲ್ಲರಿಗೂ ಒಂದೇ ನಿಯಮ ಇರಲಿ. ಜಲಾಶಯ ಬೇರೆ ಹೊಳೆ ಬೇರೆ ಅಂತ ವಿನಾಯಿತಿ ಕೊಡಬೇಡಿ. ತೂಬು ತೆಗೆದ ದಿನ ಎರಡೂ ಒಂದೇ.

ಕೃಷ್ಣಾ ಕೊಳ್ಳದ ಮೀನು ಕಾವೇರಿಗೆ, ಪೂರ್ವದ ಹೊಳೆಯದು ಪಶ್ಚಿಮದ ಹೊಳೆಗೆ, ಹೀಗೆ ಕೊಳ್ಳ ದಾಟಿಸುವ ಸಾಗಣೆಯನ್ನೇ ಬಿಡಬೇಕು. ಜಾತಿ ಒಂದೇ ಆದರೂ ಬೇಡ. ಸಾವಿರಾರು ವರ್ಷ ಬೇರೆ ಬೇರೆ ಬಾಳಿದ ಎರಡು ಮನೆತನಗಳ ಗುಣಗಳನ್ನು ಒಂದೇ ಮಧ್ಯಾಹ್ನ ಕಲಸಿಬಿಡುವ ಹಕ್ಕು ಯಾರಿಗೂ ಇಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನದಿಗಳಿಗೆ ಮರಿ ಬಿಡುವ ಕೆಲಸಕ್ಕೂ ಹಣ ಇಟ್ಟಿದ್ದರು. ಬಿಡುವ ಹಣದಲ್ಲೇ ಗುರುತಿಸುವ ಖರ್ಚನ್ನೂ ಸೇರಿಸಿ ಅಂತ ಕೇಂದ್ರವನ್ನು ತಾವು ಕೇಳಬಹುದು.

ವರದಿ ಕಡತದಲ್ಲಿ ಕೂತರೆ ಪ್ರಯೋಜನ ಇಲ್ಲ. ಮರಿ ಬಿಡುವ ಜಾಗದಲ್ಲೇ ಒಂದು ಬೋರ್ಡ್ ಇರಲಿ. ಯಾವ ಜಾತಿ, ತಾಯಿ ಮೀನು ಯಾವ ಹೊಳೆಯದು, ಯಾವ ಲ್ಯಾಬ್ ನೋಡಿತು, ಎಷ್ಟು ಮರಿ, ಇಷ್ಟು ಇದ್ದರೆ ಸಾಕು. ಮುಖ್ಯ ಅತಿಥಿಗಳ ಹೆಸರಿನ ಕೆಳಗೆ ಮೀನಿನ ಹೆಸರಿಗೂ ಒಂದು ಸಾಲು ಜಾಗ ಸಿಗಲಿ.

ಗೂನು ಮೀನನ್ನೇ ಸಾಕಿ ಮರಿ ಮಾಡುವ ಮಾತು ಮುಂದೆ ಬರಬಹುದು, ಬರಲೂ ಬೇಕು. ಆ ದಿನ ಹಿಡಿಯುವ ಪ್ರತಿ ತಳಿ ಮೀನಿನ ಎರಡೂ ಕಡೆಯ ಡಿಎನ್‌ಎ, ಅಂದರೆ ತಾಯಿ ಕಡೆಯದೂ ಕೋಶಕೇಂದ್ರದ್ದೂ, ನೋಡದೆ ಒಂದೇ ಒಂದು ಮೊಟ್ಟೆಯನ್ನೂ ಹಿಂಡಬಾರದು. ಉಳಿದಿರುವ ನಾಲ್ಕು ಮೀನಿನ ಜೊತೆ ಬೆರಕೆಯದೊಂದು ಸೇರಿಕೊಂಡರೆ, ಉಳಿಸಲು ಹೋದ ನಾವೇ ಆ ಜಾತಿಯ ಕೊನೆಯ ಗೆರೆ ಎಳೆದಂತೆ.

ಹಾಗೆಯೇ ಮರಿ ಬಿಡುವ ಮೊದಲು ಆ ಹೊಳೆಯ ನೀರನ್ನೂ ಒಂದು ಸಲ ಕೇಳಿ. ನೀರನ್ನು ಸೋಸಿ, ಅದರಲ್ಲಿ ಉದುರಿರುವ ಲೋಳೆ, ಹೊಪ್ಪಳೆಯ ಡಿಎನ್‌ಎಯಿಂದಲೇ ಅಲ್ಲಿ ಯಾವ ಜೀವಿ ಇದೆ ಅಂತ ಹೇಳುವ ವಿಧಾನವನ್ನು 2008ರಲ್ಲಿ ಫ್ರಾನ್ಸಿನವರು ಕಪ್ಪೆಗಳ ಮೇಲೆ ತೋರಿಸಿಕೊಟ್ಟರು. ಈಗ ಮೀನಿಗೂ ಬಳಸುತ್ತಾರೆ. ಬಲೆ ಹಾಕದೆ, ಆಳ ಮಡುವಿನಲ್ಲಿ ಒಂದೆರಡು ಗೂನು ಮೀನು ಉಳಿದಿದ್ದರೆ ಅದರ ಸುಳಿವು ಸಿಗಬಹುದು. ಇದ್ದದ್ದನ್ನು ನೋಡದೆ ಇಲ್ಲ ಅಂದುಕೊಂಡು ಹೊಸದನ್ನು ತಂದು ಸುರಿಯುವುದು ಯಾವ ಊರಿನ ಬುದ್ಧಿವಂತಿಕೆ?

ಇನ್ನೊಂದು ಕೋರಿಕೆ ಮನಸ್ಸಿಗೆ ಹತ್ತಿರದ್ದು. ನಮ್ಮ ರಾಜ್ಯದ ಸಿಹಿನೀರಿನ ಮೀನುಗಳಿಗೆ ಒಂದು ಡಿಎನ್‌ಎ ಭಂಡಾರ ಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರ ಇರಬಾರದು. ನಮ್ಮ ಕಡೆ ಬಿಳಿಮೀನು ಅನ್ನುವುದನ್ನೇ ಮಲೆನಾಡಿನ ದೇವಸ್ಥಾನಗಳ ಕಡೆ ದೇವರ ಮೀನು ಅಂತಾರೆ. ಒಂದು ಹೆಸರಿನ ಹಿಂದೆ ಎರಡು ಜಾತಿ ಇರಬಹುದು, ಒಂದೇ ಜಾತಿಗೆ ನಾಲ್ಕು ಹೆಸರೂ ಇರಬಹುದು. ಇದನ್ನು ಬಿಡಿಸಬಲ್ಲವರು ಬಲೆ ಹಾಕುವವರು, ತೆಪ್ಪ ಹಾಕುವವರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು, ಊರಿನ ಗಿಡ, ಪ್ರಾಣಿಗಳ ದಾಖಲೆ ಬರೆದಿಡಬೇಕು. ಆ ಪುಸ್ತಕದಲ್ಲಿ ಮೀನಿಗೆ ಒಂದು ಪುಟ ಕೊಡಿ. ಮೀನುಗಾರರು ಹೇಳುವ ಹೆಸರು ಒಂದು ಕಡೆ, ರೆಕ್ಕೆಯ ಚೂರಿನ ಸಂಖ್ಯೆ ಇನ್ನೊಂದು ಕಡೆ. ನಮ್ಮ ಡಿಗ್ರಿ ಕಾಲೇಜುಗಳ ಮಕ್ಕಳು ಪ್ರಾಜೆಕ್ಟ್ ಅಂತ ವರ್ಷಾ ವರ್ಷ ಅದೇ ಹಳೆಯದನ್ನು ನಕಲು ಮಾಡುತ್ತಾರೆ. ಈ ಕೆಲಸ ಕೊಟ್ಟು ನೋಡಿ. ಆದರೆ ದಯವಿಟ್ಟು ಫಾರ್ಮಲಿನ್‌ಗೆ ಹಾಕುವ ಮೊದಲು ರೆಕ್ಕೆ ಕತ್ತರಿಸಿಕೊಳ್ಳೋಕೆ ಹೇಳಿಕೊಡಿ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ನಿಷೇಧ ಇದ್ದರೂ ಅದು ಸಂತೆಗೆ ಬರುತ್ತೆ. ನಾಟಿ ಮರಿ ಅಂತ ಮಾರಿದರೆ ರೈತನಿಗೆ ಗೊತ್ತಾಗುವುದು ಅದು ಕೊಳದ ಬೇರೆ ಮೀನನ್ನೆಲ್ಲ ತಿಂದ ಮೇಲೆ. ಅದೇ ರೆಕ್ಕೆ ಚೂರು, ಅದೇ ಪರೀಕ್ಷೆ ಅಲ್ಲೂ ಕೆಲಸಕ್ಕೆ ಬರುತ್ತೆ.

ಸಂಘ, ಟ್ರಸ್ಟು, ಕಂಪನಿಗಳ ಹಿರಿಯರಿಗೆ ಬೇರೆಯಾಗಿ ಒಂದು ಮಾತು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಈ ನಾಡಿನ ಜನ ಮಹಶೀರ್ ಮೇಲೆ ಇಟ್ಟಿರುವ ಪ್ರೀತಿ ಸಣ್ಣದಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಅವುಗಳಿಗೆ ಕೈಯಾರೆ ಅಕ್ಕಿ, ಮಂಡಕ್ಕಿ ಹಾಕುತ್ತಾರೆ. ಹಿಡಿಯುವವರಿಲ್ಲ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಶಿಶಿಲದ ಸಾವಿರಾರು ಮೀನು ಸತ್ತಾಗ ಊರವರು ಸ್ಮಾರಕವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಜನ ನಾವು. ಅಂಥ ಮಡುಗಳಿಗೆ ಹರಕೆ, ಹುಟ್ಟುಹಬ್ಬ ಅಂತ ಎಲ್ಲಿಂದಲೋ ತಂದ ಮರಿ ಬಿಡುವ ಆಸೆ ಬಂದರೆ, ಆ ಹಣವನ್ನು ಅಲ್ಲಿರುವ ಮೀನಿನ ಪರೀಕ್ಷೆಗೆ ಕೊಡಿ.

ಮಾನ್ಯ ಸಚಿವರೇ, ನನ್ನ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಂತೋಷ. ಕಳೆದ ಹತ್ತು ವರ್ಷದಲ್ಲಿ ಕಾವೇರಿ ಕೊಳ್ಳಕ್ಕೆ ಬಿಟ್ಟ ಮಹಶೀರ್ ಮರಿ ಎಷ್ಟು? ಅವುಗಳ ತಳಿ ಮೀನು ಎಲ್ಲಿಯವು? ಎಷ್ಟಕ್ಕೆ ಡಿಎನ್‌ಎ ಪರೀಕ್ಷೆ ಆಗಿದೆ? ಮೂರನೆಯದಕ್ಕೆ ಉತ್ತರ ಸೊನ್ನೆ ಆದರೂ ಪರವಾಗಿಲ್ಲ, ಹಾಗೇ ಬರೆದು ಹೇಳಿ.

ಸ್ಪಿರಿಟ್ ಬಾಟಲಿಯಲ್ಲಿ ಆರು ಮರಿಯೂ ಇನ್ನೂ ಇವೆ, ರೆಕ್ಕೆಯ ಒಂದೊಂದು ಚೂರು ಬಿಟ್ಟರೆ ಹಾಗೆಯೇ. ನನ್ನ ಪರೀಕ್ಷೆ ಮೇಲೆ ನಂಬಿಕೆ ಇಲ್ಲದಿದ್ದರೆ ತಮ್ಮವರು ಬಂದು ಇನ್ನೊಂದು ಚೂರು ಕತ್ತರಿಸಿಕೊಂಡು ಹೋಗಲಿ, ತಾವು ನಂಬುವ ಲ್ಯಾಬಿಗೆ ಕಳಿಸಲಿ. ಬಾಟಲಿಯ ಮೇಲಿನ ಚೀಟಿಯಲ್ಲಿ ತಾರೀಖು, ಹೊಳೆಯ ಹೆಸರು ಬರೆದಿದ್ದೇನೆ. ಮೀನಿನ ಹೆಸರಿನ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ, ಅಳಿಸಿ ತಿದ್ದೋಕೆ ಆಗುತ್ತೆ. ಬರುವ ಆಗಸ್ಟಿಗೆ ಮತ್ತೆ ಟೆಂಪೋ ಬರುತ್ತೆ ಅಂತ ಊರಲ್ಲಿ ಮಾತಿದೆ. ಅದಕ್ಕೆ ಮೊದಲು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಕೊಳ್ಳೇಗಾಲ ತಾಲ್ಲೂಕು, ಚಾಮರಾಜನಗರ ಜಿಲ್ಲೆ